ಒಂದೇ ಮೆಷೀನು, ಹತ್ತಾರು ಹೆಸರು

ಎಚ್‌ಎಂಟಿ ಪೈಲಟ್ ವಾಚು ಷೋರೂಮಿನಲ್ಲಿ ಹೊಸದಾಗಿ ಸಿಗುತ್ತಿದ್ದ ಕೊನೆಯ ದಿನಗಳಲ್ಲಿ ಅದರ ಬೆಲೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಕೇಳುವವರೂ ಹೆಚ್ಚಿರಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಕಂಪನಿಯನ್ನು ಮುಚ್ಚುವ ಸುದ್ದಿ ಬಂದದ್ದೇ ತಡ, ಅದೇ ಷೋರೂಮುಗಳ ಮುಂದೆ ಜನ ನೆರೆದರು. ಒಬ್ಬೊಬ್ಬರು ನಾಲ್ಕೈದು ವಾಚು ಕೊಂಡೊಯ್ದರು. ಕೆಲವೇ ವಾರಗಳಲ್ಲಿ ಪೈಲಟ್ಟಿನ ಮರುಮಾರಾಟದ ಬೆಲೆ ಹಲವು ಪಟ್ಟು ಏರಿತು. ದಶಕಗಳ ಕಾಲ ‘ಸರ್ಕಾರಿ ವಾಚು’ ಎಂದು ಮೂಗು ಮುರಿದವರೂ ಅಜ್ಜನ ಪೆಟ್ಟಿಗೆ ತಡಕಾಡತೊಡಗಿದರು.

ಕಡಿಮೆ ದುಡ್ಡಿನಲ್ಲಿ ಒಂದು ಒಳ್ಳೆಯ ಹಳೆಯ ಕೈಗಡಿಯಾರ ಬೇಕು ಅನ್ನುವವರಿಗೆ ನಮ್ಮ ದೇಶದಲ್ಲಿ ಇವತ್ತಿಗೂ ಮೊದಲು ಕೇಳಿಬರುವ ಹೆಸರು ಇದೇ. ಅದಕ್ಕೆ ಹಳೆಯ ನೆನಪುಗಳ ಮೋಹವಷ್ಟೇ ಕಾರಣವಲ್ಲ. ಬೆಂಗಳೂರಿನ ಜಾಲಹಳ್ಳಿಯ ಕಾರ್ಖಾನೆಯಲ್ಲಿ ವಾಚು ತಯಾರಿಸಿದ ರೀತಿಯೇ ಹಾಗಿತ್ತು.

ಹಿಂದೂಸ್ತಾನ್ ಮೆಷೀನ್ ಟೂಲ್ಸ್, ಅಂದರೆ ಎಚ್‌ಎಂಟಿ, 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದರ ಕಸುಬು ಲೇತ್‌ನಂಥ ಭಾರೀ ಯಂತ್ರಗಳು. ಜೊತೆಗಾರರು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯವರು. ಆ ಕಾಲಕ್ಕೆ ಕೈಗಡಿಯಾರ ಅಂದರೆ ಹೊರದೇಶದ್ದೇ. ವೆಸ್ಟ್ ಎಂಡ್, ಫಾವ್ರ್ ಲೂಬಾ, ರೋಮರ್ ಇಂಥ ಸ್ವಿಸ್ ಹೆಸರುಗಳನ್ನು ಉಳ್ಳವರು ಕಟ್ಟಿಕೊಳ್ಳುತ್ತಿದ್ದರು. ಆಮದಿನ ಮೇಲೆ ಕಟ್ಟುಪಾಡು ಬಿಗಿಯಾದಂತೆ ಕಳ್ಳಸಾಗಣೆಯ ವಾಚುಗಳೂ ಹೆಚ್ಚಿದವು. ನಮ್ಮ ಕರಾವಳಿಯಲ್ಲಿ ‘ಫಾರಿನ್ ವಾಚು’ ಅನ್ನುವ ಮಾತಿಗೆ ಎಷ್ಟು ತೂಕವಿತ್ತು ಎಂಬುದು ಭಟ್ಕಳದ ಬಜಾರು ಸುತ್ತಿದ ಹಳಬರಿಗೆ ಗೊತ್ತು. ಸಾಮಾನ್ಯ ಮೇಷ್ಟ್ರಿಗೆ, ಗುಮಾಸ್ತರಿಗೆ, ರೈಲ್ವೆ ನೌಕರರಿಗೆ ಕೈಗೆಟುಕುವ ವಾಚು ಮಾತ್ರ ಇರಲಿಲ್ಲ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ಮೊದಲ ವಾಚು ಕಾರ್ಖಾನೆ ಬಂತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಆರಂಭದ ಕೆಲವು ಡಯಲ್ಲುಗಳ ಮೇಲೆ ಎಚ್‌ಎಂಟಿ ಹೆಸರಿನ ಜೊತೆ ಸಿಟಿಜನ್ ಹೆಸರೂ ಅಚ್ಚಾಗಿದೆ. ಇವತ್ತು ಸಂಗ್ರಹಕಾರರು ಬೆನ್ನಟ್ಟುವುದು ಅವನ್ನೇ. ಬರಬರುತ್ತ ಜಪಾನಿನ ಬಿಡಿಭಾಗಗಳು ಕಡಿಮೆಯಾಗಿ, ವಾಚಿನ ಒಳಗಿನದೆಲ್ಲ ಇಲ್ಲೇ ತಯಾರಾಗತೊಡಗಿತು. ಭಾರೀ ಯಂತ್ರ ಕಟ್ಟಿ ಪಳಗಿದ್ದ ಕಂಪನಿ ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗಿನ ಕೆಲಸಕ್ಕೆ ಇಳಿದದ್ದು ಸಣ್ಣ ಸಾಹಸವೇನಲ್ಲ. ಜೋಡಣೆಯ ಮೇಜುಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳ ತಂದ ಹೆಣ್ಣುಮಗಳು ಎಚ್‌ಎಂಟಿ ಬಸ್ಸು ಹತ್ತಿದವಳೇ.

ಜನತಾ, ಪೈಲಟ್, ಕೊಹಿನೂರ್, ಸೋನಾ, ಜವಾನ್; ಹೆಂಗಸರಿಗೆ ಸುಜಾತಾ, ನೂತನ್. ಹೆಸರುಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಅಂಧರು ಮುಟ್ಟಿ ಸಮಯ ತಿಳಿಯಲೆಂದು ಗಾಜಿನ ಮುಚ್ಚಳ ತೆರೆಯುವಂಥ ಬ್ರೈಲ್ ವಾಚನ್ನೂ ಮಾಡಿದರು. ಶ್ರೀನಗರದಲ್ಲಿ, 1978ರಲ್ಲಿ ತುಮಕೂರಿನಲ್ಲಿ, ಆಮೇಲೆ ನೈನಿತಾಲ್ ಬಳಿಯ ರಾಣಿಬಾಗಿನಲ್ಲಿ ಹೊಸ ಕಾರ್ಖಾನೆಗಳು ಎದ್ದವು. ಅಷ್ಟಾದರೂ ಬೇಡಿಕೆಗೆ ಸಾಲುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ನಿವೃತ್ತರಾಗುವ ಹೆಡ್‌ಮಾಸ್ತರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಮದುವೆಗಂಡಿಗೆ ಎಚ್‌ಎಂಟಿಯೇ ಆಗಬೇಕಿತ್ತು. ಸೂಟು, ಉಂಗುರದ ಜೊತೆಗೆ ವಾಚೂ ಬಾರದೆ ಮುನಿಸಿಕೊಂಡ ಅಳಿಯಂದಿರ ಕಥೆ ಯಾವ ಊರಿನಲ್ಲಿಲ್ಲ? ತಾನಾಗಿ ಕೀ ಆಗುವ ‘ಕಾಂಚನ್’ ಅಂತೂ ಬೀಗರ ಕಡೆಯ ಪಟ್ಟಿಯಲ್ಲಿ ಹೆಸರು ಹಿಡಿದೇ ಬರುತ್ತಿತ್ತು. ಅದು ಬ್ಲ್ಯಾಕಿನಲ್ಲಿ ಬಿಕರಿಯಾದ ಕಾಲವೂ ಇತ್ತು.

ಇಷ್ಟು ಹೆಸರುಗಳಿದ್ದವಲ್ಲ, ಕೀ ಕೊಡುವ ಗಂಡಸರ ವಾಚುಗಳಲ್ಲಿ ಬಹುಪಾಲಿನ ಹಿಂಬದಿ ಮುಚ್ಚಳ ತೆಗೆದರೆ ಒಳಗೆ ಕಾಣುವುದು ಒಂದೇ ಮೆಷೀನು. ಸಿಟಿಜನ್ ವಿನ್ಯಾಸದಿಂದ ಬಂದ, 0231 ಎಂಬ ಸಂಖ್ಯೆಯ, 17 ಕಲ್ಲಿನ ಮೆಷೀನು. ಕಲ್ಲು ಅಂದರೆ ಕೃತಕ ಮಾಣಿಕ್ಯ. ಚಕ್ರಗಳ ಮೊನೆ ಸವೆಯದೆ ತಿರುಗಲೆಂದು ಕೂರಿಸಿದ ಕೆಂಪು ಚುಕ್ಕಿಗಳು. ವಾಚಿನ ಓಟವನ್ನು ಹದದಲ್ಲಿಡುವ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ, ಅತ್ತಿಂದಿತ್ತ ಹೊಯ್ದಾಡುತ್ತದೆ. ಡಯಲ್ಲಿನ ಮೇಲೆ ಸಣ್ಣಕ್ಷರದಲ್ಲಿ ಕಾಣುವ ‘ಪ್ಯಾರಾಶಾಕ್’ ಎಂಬುದು, ವಾಚು ಕೈಜಾರಿ ಬಿದ್ದರೆ ಆ ಚಕ್ರದ ಕಡ್ಡಿ ಮುರಿಯದಂತೆ ಕಾಯುವ ಏರ್ಪಾಡು. ಸಿಟಿಜನ್ ಕಂಪನಿ 1956ರಲ್ಲಿ ಅದನ್ನು ಸಾಬೀತು ಮಾಡಲು ಜನರ ಎದುರಿಗೇ ಹೆಲಿಕಾಪ್ಟರಿನಿಂದ ವಾಚುಗಳನ್ನು ಕೆಳಗೆ ಹಾಕಿಸಿತ್ತು.

ಜನತಾ, ಪೈಲಟ್, ಕೊಹಿನೂರ್ ಮೂರರದ್ದೂ ಹೊಟ್ಟೆಯೊಳಗಿನ ಸಂಗತಿ ಒಂದೇ. ಹೊರಗಿನ ಕೇಸು ಸುಮಾರು 35 ಮಿಲಿಮೀಟರ್, ಬೆಲ್ಟು ಕೂರುವ ಜಾಗ 18 ಮಿಲಿಮೀಟರ್. ಬದಲಾಗುತ್ತಿದ್ದದ್ದು ಡಯಲ್ಲು, ಮುಳ್ಳು, ಹೆಸರು. ಜನತಾಕ್ಕೆ ಸರಳವಾದ ಮುಖ, ಕೆಲವಕ್ಕೆ ದೇವನಾಗರಿ ಅಕ್ಷರ. ಪೈಲಟ್ಟಿಗೆ ಕಪ್ಪು ಡಯಲ್ಲು, ಕತ್ತಲಲ್ಲಿ ಹೊಳೆಯುವ ಮುಳ್ಳು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದು ಸೋಮಾರಿತನ. ಇಪ್ಪತ್ತು ಮೂವತ್ತು ವರ್ಷ ಅದೇ ಮೆಷೀನನ್ನು ಹೊಸ ಹೊಸ ಹೆಸರಿನಲ್ಲಿ ಮಾರಿದ್ದು ಎಚ್‌ಎಂಟಿಯ ದೊಡ್ಡ ತಪ್ಪು ಅಂದವರ ಮಾತಿನಲ್ಲಿ ಹುರುಳಿದೆ.

ಆ ತಪ್ಪಿನ ಬೆಲೆಯನ್ನು ಕಂಪನಿ ತೆತ್ತಿತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಬ್ಯಾಟರಿಯಿಂದ ಓಡುವ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಾಗಲೇ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಕಂಡಿತ್ತು. ಎಚ್‌ಎಂಟಿ 1981ರಲ್ಲಿ ಕ್ವಾರ್ಟ್ಜ್ ತಂದದ್ದೇನೋ ನಿಜ, ಆದರೆ ಮನಸ್ಸೆಲ್ಲ ಕೀ ಕೊಡುವ ವಾಚಿನ ಮೇಲೇ ಇತ್ತು. 1984ರಲ್ಲಿ ಟಾಟಾದವರು ತಮಿಳುನಾಡು ಸರ್ಕಾರದ ಟಿಡ್ಕೋ ಜೊತೆ ಸೇರಿ ಟೈಟನ್ ಕಟ್ಟಿದರು. ಕಾರ್ಖಾನೆ ನಿಂತದ್ದು ಬೆಂಗಳೂರಿನಿಂದ ಕೂಗಳತೆಯ ಹೊಸೂರಿನಲ್ಲಿ. ಜಾಲಹಳ್ಳಿಯಲ್ಲಿ ಕೈಪಳಗಿದ ಎಷ್ಟೋ ತಂತ್ರಜ್ಞರು ಅಲ್ಲಿಗೆ ಹೋದರು. ಜರ್ಕ್ಸೀಸ್ ದೇಸಾಯಿ ಮುಂದಾಳತ್ವದ ಆ ಕಂಪನಿ ಕ್ವಾರ್ಟ್ಜನ್ನೇ ನೆಚ್ಚಿಕೊಂಡು, 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ತನ್ನ ಮೊದಲ ಷೋರೂಮು ತೆರೆಯಿತು. ಗಾಜಿನ ಕಪಾಟಿನಲ್ಲಿ ಬೆಳಕು ಬಿಟ್ಟು ವಾಚು ತೋರಿಸುವ ರೀತಿಯೇ ಗಿರಾಕಿಗಳಿಗೆ ಹೊಸದು. ಅಳಿಯಂದಿರು ಈಗ ಟೈಟನ್ ಕೇಳತೊಡಗಿದರು.

ಮುಂದಿನದು ಇಳಿಜಾರು. ಕೇಂದ್ರ ಸಂಪುಟ ಸಮಿತಿ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಅನುಮತಿ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿ ಪಾರಂಪರಿಕ ಮ್ಯೂಸಿಯಂ ಇದೆ. ಹಳೆಯ ವಾಚು ಕೊಳ್ಳಹೊರಟವರು ಮೊದಲು ಅಲ್ಲಿಗೊಮ್ಮೆ ಹೋಗಿಬರುವುದು ಒಳ್ಳೆಯದು. ಅಸಲಿ ಡಯಲ್ಲು ಹೇಗಿರುತ್ತದೆ ಎಂಬುದನ್ನು ಕಣ್ಣಿಗೆ ಅಭ್ಯಾಸ ಮಾಡಿಸಲು ಅದಕ್ಕಿಂತ ಬೇರೆ ಜಾಗ ಬೇಕಿಲ್ಲ.

ಕಂಪನಿಗೆ ಮುಳುವಾದ ಆ ಏಕತಾನತೆಯೇ ಈಗ ಹಳೆಯ ವಾಚು ಕೊಳ್ಳುವವರ ಪಾಲಿನ ಭಾಗ್ಯ. ಎಚ್‌ಎಂಟಿ ಮಾಡಿದ ವಾಚುಗಳ ಸಂಖ್ಯೆ ಹತ್ತು ಕೋಟಿ ದಾಟುತ್ತದೆ. ಅದರಲ್ಲಿ ಒಂದೇ ಮೆಷೀನು ಲಕ್ಷಾಂತರ ಕೇಸುಗಳೊಳಗೆ ಕೂತಿದೆ. ಹಾಗಾಗಿ ಒಂದು ಕೆಟ್ಟರೆ ಇನ್ನೊಂದರ ಚಕ್ರ ಬಿಚ್ಚಿ ಹಾಕಬಹುದು. ಸ್ವಿಸ್ ಹೆಸರಿನ ಹಳೆಯ ವಾಚು ಅಗ್ಗಕ್ಕೆ ಸಿಕ್ಕಿತೆಂದು ತಂದವರು ಕೀ ತಿರುಗಿಸುವ ಒಂದು ಸಣ್ಣ ಕಡ್ಡಿಗಾಗಿ (ಸ್ಟೆಮ್) ತಿಂಗಳುಗಟ್ಟಲೆ ಅಲೆಯುವುದುಂಟು. 0231ಕ್ಕೆ ಆ ಪಾಡಿಲ್ಲ. ಹಳೆಯ ಊರುಗಳ ಪೇಟೆಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಮೂರಡಿ ಅಗಲದ ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ವಾಚ್ ರಿಪೇರಿಯವರ ಡಬ್ಬಿಗಳಲ್ಲಿ ಅದರ ಬಿಡಿಭಾಗಗಳು ಇನ್ನೂ ಸಿಗುತ್ತವೆ. ಅವರು ಆ ಮೆಷೀನನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಕೊಟ್ಟು, ಮತ್ತೆ ಕೂಡಿಸುವುದನ್ನು ಕಸುಬು ಕಲಿತ ಮೊದಲ ವರ್ಷದಿಂದ ಮಾಡುತ್ತ ಬಂದವರು.

ಅದೇ ಗುಣ ಮೋಸಕ್ಕೂ ದಾರಿ ಮಾಡಿದೆ. ಮೆಷೀನು ಒಂದೇ, ಕೇಸಿನ ಅಳತೆಯೂ ಒಂದೇ ಅಂದ ಮೇಲೆ, ಜುಜುಬಿ ಬೆಲೆಯ ಯಾವುದೋ ವಾಚಿನ ಡಯಲ್ಲು ಕಿತ್ತು, ಕಪ್ಪು ಬಣ್ಣ ಹಚ್ಚಿ, ಪೈಲಟ್ ಎಂದು ಅಚ್ಚೊತ್ತಿದರೆ ಯಾರಿಗೆ ತಿಳಿದೀತು? ಹೀಗೆ ಹೊಸ ಬಣ್ಣ ಬಳಿದ ಡಯಲ್ಲುಗಳಿಗೆ ಸಂಗ್ರಹಕಾರರ ಬಾಯಲ್ಲಿ ‘ರೀಡಯಲ್’ ಎಂದು ಹೆಸರು. ಫಾವ್ರ್ ಲೂಬಾ, ವೆಸ್ಟ್ ಎಂಡ್ ವಾಚುಗಳಿಗೂ ಇದೇ ಗತಿ. ಕೇಸರಿ, ನೀಲಿ, ಗಿಳಿಹಸಿರು ಡಯಲ್ಲಿನ ಹಳೆಯ ವಾಚುಗಳು ಭಾರತದಿಂದ ಹೊರದೇಶಕ್ಕೆ ಎಷ್ಟು ಹೋದವೆಂದರೆ, ಅಲ್ಲಿನ ಗಿರಾಕಿಗಳು ಅವುಗಳಿಗೆ ‘ಮುಂಬೈ ಸ್ಪೆಷಲ್’ ಎಂಬ ಅಡ್ಡಹೆಸರಿಟ್ಟಿದ್ದಾರೆ. ಅದು ಹೊಗಳಿಕೆಯಲ್ಲ.

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಹರಡಿಕೊಳ್ಳುವ ಸಂಡೆ ಬಜಾರಿನಲ್ಲಿ ಇಂಥ ವಾಚುಗಳು ಟಾರ್ಪಾಲಿನ ಮೇಲೆ ರಾಶಿ ಬಿದ್ದಿರುತ್ತವೆ. ಅಲ್ಲಿ ಮೊದಲು ನೋಡಬೇಕಾದ್ದು ಅಕ್ಷರ. ಕಾರ್ಖಾನೆಯ ಅಚ್ಚು ಭೂತಗನ್ನಡಿಯಡಿಯಲ್ಲಿ ಅಂಚು ಕತ್ತರಿಸಿದಂತೆ ಚೊಕ್ಕಟವಾಗಿರುತ್ತದೆ. ರೀಡಯಲ್ಲಿನಲ್ಲಿ ಅಕ್ಷರದ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂರುವುದಿಲ್ಲ, ಆರರ ಕೆಳಗಿನ ಸಣ್ಣಕ್ಷರಗಳು ಮಾಯವಾಗಿರುತ್ತವೆ ಇಲ್ಲವೇ ಮಸಿಯ ಗೀಟಾಗಿರುತ್ತವೆ. ಗಾಜು ಗೀಚಿದೆ, ಕೇಸು ಸವೆದಿದೆ, ಡಯಲ್ಲು ಮಾತ್ರ ನಿನ್ನೆ ಅಚ್ಚಾದಂತಿದೆ ಅಂದರೆ ಕೆಳಗಿಟ್ಟು ಮುಂದೆ ಹೋಗುವುದೇ ಲೇಸು. ಹಳದಿಗಟ್ಟಿದ, ಅಂಚಿನಲ್ಲಿ ಕಲೆ ಬಿದ್ದ ಡಯಲ್ಲಿಗೆ ಹೆದರಬೇಕಾಗಿಲ್ಲ. ಅದರ ವಯಸ್ಸಿಗೆ ಅದೇ ಪುರಾವೆ.

ಆಮೇಲೆ ಹಿಂಬದಿಯ ಮುಚ್ಚಳ. ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ. ತೆಗೆದಾಗ ಮೆಷೀನಿನ ಮೇಲೆ ಎಚ್‌ಎಂಟಿ ಹೆಸರಿರಬೇಕು, ಸ್ಕ್ರೂಗಳ ತಲೆ ಕಿತ್ತುಹೋಗಿರಬಾರದು, ಕೀ ಒಳಹೋಗುವ ಕಡೆ ತುಕ್ಕಿನ ಕಂದು ಇರಬಾರದು. ಬೆವರು, ನೀರು ಮೊದಲು ನುಗ್ಗುವುದು ಅಲ್ಲಿಂದಲೇ. ನಾಲ್ಕು ಸುತ್ತು ಕೀ ಕೊಟ್ಟರೆ ಬ್ಯಾಲೆನ್ಸ್ ಚಕ್ರ ತಡವರಿಸದೆ ಅಗಲವಾಗಿ ಹೊಯ್ದಾಡಬೇಕು. ವಾಚನ್ನು ಮಗುಚಿ, ನಿಲ್ಲಿಸಿ ಹಿಡಿದರೂ ಆ ಓಟ ನಿಲ್ಲಬಾರದು. ಆ ಚಕ್ರದ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ವಾಚು ಗಂಟೆಗಟ್ಟಲೆ ಮುಂದೋಡುತ್ತದೆ. ಸರ್ವಿಸ್ ಆದ 0231 ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಬೇಸರಪಡುವ ಹಾಗಿಲ್ಲ. ಸೆಕೆಂಡಿನ ಲೆಕ್ಕ ಬೇಕಾದವರಿಗೆ ಫೋನಿದೆ.

ಎಚ್‌ಎಂಟಿ ವಾಚಸ್ ಮುಚ್ಚಿದರೂ ಎಚ್‌ಎಂಟಿ ಹೆಸರಿನ ಹೊಸ ವಾಚುಗಳು ಬೆಂಗಳೂರಿನಲ್ಲಿ ಈಗಲೂ ಮಾರಾಟಕ್ಕಿವೆ. ಹಾಗಾಗಿ ಬಿಲ್ಲಿಲ್ಲದೆ ಕೈಗಿಡುವ ‘ಹಳೇ ಕಾಲದ ಹೊಸ ಸ್ಟಾಕು’ ಎಂಬ ಮಾತನ್ನು ನಂಬುವ ಮೊದಲು ವಿಚಾರಿಸುವುದು ಒಳ್ಳೆಯದು.

ದುಡ್ಡು ಕಡಿಮೆಯಿದ್ದವರು ಪೈಲಟ್ಟಿನ ಆಸೆ ಬಿಡಲಿ. ಅತಿ ಹೆಚ್ಚು ಬೇಡಿಕೆ ಅದಕ್ಕೇ, ಅತಿ ಹೆಚ್ಚು ನಕಲಿಯೂ ಅದರದ್ದೇ. ಅದೇ ಮೆಷೀನಿನ, ಬಣ್ಣ ಮಾಸಿದ ಅಸಲಿ ಡಯಲ್ಲಿನ ಜನತಾ ಅದಕ್ಕಿಂತ ಕಡಿಮೆಗೆ ಸಿಗುತ್ತದೆ. ಅದನ್ನು ಅಂತರ್ಜಾಲದ ಚಿತ್ರ ನೋಡಿ ತರಿಸುವ ಬದಲು ಊರಿನ ರಿಪೇರಿಯವರ ಅಂಗಡಿಯಲ್ಲೇ, ಅವರೇ ಸರ್ವಿಸ್ ಮಾಡಿಟ್ಟದ್ದನ್ನು, ಒಂದೆರಡು ವಾರ ಓಡಿಸಿ ನೋಡುವ ಮಾತಿನ ಮೇಲೆ ಕೊಳ್ಳಿ. ಅವರು ಸರ್ವಿಸಿಗೆ ಕೇಳುವ ದುಡ್ಡಿನಲ್ಲಿ ಚೌಕಾಸಿ ಮಾಡಬೇಡಿ. ಆ ಕೈಕಸುಬು ಕಲಿಯಲು ಹೊಸಬರು ಬರುತ್ತಿಲ್ಲ.