ಬಾತ ಮೊಣಕಾಲಿನ ಚರಿತ್ರೆ

ಭೀಮಾ ತೀರದ ನಮ್ಮ ದೇವಣಗಾಂವದಲ್ಲಿ ಹುಡುಗನ ಮೊಣಕಾಲು ಬಾತರೆ ಮೊದಲ ಪ್ರಶ್ನೆ, ‘ಎಲ್ಲಿ ಬಿದ್ದಿದ್ದಿ?’ ಅದರ ಹಿಂದೆಯೇ ಬಿಸಿ ಎಣ್ಣೆ, ತಿಕ್ಕುವ ಕೈ. ಪತ್ರಿಕೆಗಳು ಕುಸುಮ ರೋಗವೆಂದು ಬರೆಯುವ ಹಿಮೋಫಿಲಿಯಾ ಅವನಿಗಿದ್ದರೆ ಪ್ರಶ್ನೆಯೂ ತಪ್ಪು, ಉಪಚಾರವೂ ತಪ್ಪು. ಬೀಳದೆಯೂ ಕೀಲಿನೊಳಗೆ ರಕ್ತ ಒಸರುತ್ತದೆ; ಕಾವು, ತಿಕ್ಕಾಟ ಅದನ್ನು ಹೆಚ್ಚಿಸುತ್ತವೆ.

ಹಾಗೆಂದು ನಮ್ಮ ಅಜ್ಜಿಯರನ್ನಷ್ಟೇ ದೂರುವಂತಿಲ್ಲ. ಗಂಡುಮಕ್ಕಳಲ್ಲಿ ರಕ್ತ ನಿಲ್ಲದ, ಹೆಣ್ಣುಮಕ್ಕಳ ಮೂಲಕ ಹರಿಯುವ ಈ ಕಾಯಿಲೆಯನ್ನು ಫಿಲಡೆಲ್ಫಿಯಾದ ಜಾನ್ ಕಾನ್ರಾಡ್ ಆಟೊ 1803ರಲ್ಲೇ ವಿವರಿಸಿದ್ದ. ಆದರೂ ಆ ಶತಮಾನದುದ್ದಕ್ಕೂ ಯುರೋಪಿನ ಶಸ್ತ್ರವೈದ್ಯರು ಇಂಥ ಮೊಣಕಾಲನ್ನು ಕ್ಷಯದ ಕೀಲೆಂದು ತಿಳಿದು ಕೊಯ್ದದ್ದುಂಟು. 1892ರಲ್ಲಿ ಜರ್ಮನಿಯ ಫ್ರಾಂಜ್ ಕ್ಯೋನಿಗ್ ಎರಡನ್ನೂ ಬೇರ್ಪಡಿಸಿ, ಮೊದಲು ರಕ್ತಸ್ರಾವ, ಆಮೇಲೆ ಉರಿಯೂತ, ಕೊನೆಗೆ ಸೆಡೆತು ಗಟ್ಟಿಯಾಗುವ ಕೀಲು ಎಂಬ ಮೂರು ಹಂತಗಳನ್ನು ಗುರುತಿಸಿದ.

ಒಂದು ಹಂತ ಇನ್ನೊಂದಕ್ಕೆ ದಾಟುವುದು ಹೇಗೆ? ಕೀಲಿನ ಒಳಪೊರೆ ಸೋರಿದ ರಕ್ತವನ್ನು ಹೀರಿಕೊಳ್ಳುತ್ತದೆ, ಅದರ ಕಬ್ಬಿಣ ಅಲ್ಲೇ ಉಳಿಯುತ್ತದೆ. ಪೊರೆ ದಪ್ಪವಾಗಿ, ತೆಳ್ಳನೆಯ ಹೊಸ ರಕ್ತನಾಳಗಳು ಹುಟ್ಟುತ್ತವೆ. ಅವು ಸಣ್ಣ ಒತ್ತಡಕ್ಕೂ ಒಡೆಯುತ್ತವೆ. ಹೀಗೆ ರಕ್ತಸ್ರಾವವೇ ಮುಂದಿನ ರಕ್ತಸ್ರಾವಕ್ಕೆ ಕಾರಣ. ಮೃದ್ವಸ್ಥಿ ಸವೆಯುತ್ತದೆ. ನೋವಿಗೆ ಹುಡುಗ ಕಾಲು ಮಡಚಿಯೇ ಇರುತ್ತಾನೆ; ತೊಡೆಯ ಸ್ನಾಯು ಸೊರಗಿ ಕೀಲಿಗೆ ಆಸರೆ ತಪ್ಪುತ್ತದೆ. ಕಣಕಾಲು, ಮೊಣಕಾಲು, ಮೊಣಕೈಗಳಿಗೇ ಇದರ ಪೆಟ್ಟು ಹೆಚ್ಚು.

ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಶೇ. 1ಕ್ಕಿಂತ ತುಸು ಹೆಚ್ಚಿದ್ದವರ ಕೀಲುಗಳು ಅಷ್ಟಾಗಿ ಹಾಳಾಗುವುದಿಲ್ಲ. ಇದನ್ನು ಗಮನಿಸಿ ಸ್ವೀಡನ್ನಿನ ಮಾಲ್ಮೊದಲ್ಲಿ ಇಂಗಾ ಮೇರಿ ನಿಲ್ಸನ್ 1958ರಿಂದಲೇ ಹುಡುಗರಿಗೆ ಮುಂಚಿತವಾಗಿ ಫ್ಯಾಕ್ಟರ್ ಕೊಡತೊಡಗಿದರು. ಅಮೆರಿಕದಲ್ಲಿ 65 ಹುಡುಗರ ಮೇಲೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮುಂಚಿತವಾಗಿ ಔಷಧ ಪಡೆದವರಲ್ಲಿ ಆರರ ವಯಸ್ಸಿಗೆ ಶೇ. 93 ಮಂದಿಯ ಕೀಲುಗಳು ಸರಿಯಾಗಿದ್ದವು. ರಕ್ತಸ್ರಾವವಾದ ಮೇಲೆ ಔಷಧ ಪಡೆದವರಲ್ಲಿ ಶೇ. 55 ಮಾತ್ರ. ಈ ಎರಡನೆಯ ಗುಂಪಿಗೂ ಔಷಧ ಧಾರಾಳವಾಗಿಯೇ ಸಿಕ್ಕಿತ್ತು ಎಂಬುದನ್ನು ಮರೆಯುವಂತಿಲ್ಲ.

ಕರ್ನಾಟಕದಲ್ಲಿ ಈ ಮಾತು ದೊಡ್ಡದಾಗಿ ಕೇಳಿಸಿದ್ದು ದಾವಣಗೆರೆಯಿಂದ. ಸ್ವತಃ ಹಿಮೋಫಿಲಿಯಾ ಉಳ್ಳ ವೈದ್ಯ ಡಾ. ಸುರೇಶ್ ಹನಗವಾಡಿ ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು. ನಮ್ಮೂರಿಗೆ ಅದು ಮುನ್ನೂರು ಕಿಲೋಮೀಟರಿಗೂ ದೂರ.

ಕಾನೂನು ಇನ್ನೂ ನಿಧಾನ. 1995ರ ಅಂಗವಿಕಲರ ಕಾಯ್ದೆಯಲ್ಲಿ ಹಿಮೋಫಿಲಿಯಾದ ಹೆಸರಿರಲಿಲ್ಲ. ಕೀಲು ಕೆಟ್ಟು ಕುಂಟಿದ ಮೇಲೆ ಚಲನ ವೈಕಲ್ಯದ ಲೆಕ್ಕದಲ್ಲಷ್ಟೇ ದಾರಿಯಿತ್ತು. ಅಂದರೆ ತಡೆಯಬಹುದಾಗಿದ್ದ ಹಾನಿಯೇ ಅರ್ಹತೆ! 2016ರ ಕಾಯ್ದೆ ಅದನ್ನು 21 ವೈಕಲ್ಯಗಳಲ್ಲಿ ಒಂದಾಗಿ ಸೇರಿಸಿತು, ಉದ್ಯೋಗ ಮೀಸಲಾತಿಯಲ್ಲಿ ಮಾತ್ರ ಕೈಬಿಟ್ಟಿತು.

ಈಗ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ದೇವಣಗಾಂವದಿಂದ ಈ ಕಡೆ ಹೊರಟರೆ ವಿಜಯಪುರ, ಸೇತುವೆ ದಾಟಿದರೆ ಕಲಬುರಗಿ. ರಾತ್ರಿ ಬಾತ ಮೊಣಕಾಲಿಗೆ ಬೆಳಗಿನ ಮೊದಲ ಬಸ್ಸು ಬರುವತನಕ ಕಾಯದೆ ಗತ್ಯಂತರವಿಲ್ಲ.