ಗುಯಿಝೌ ಬೆಟ್ಟಗಳ ನೀಲಿ ತೊಟ್ಟಿ

ಚೀನಾದ ನೈರುತ್ಯದ ಗುಯಿಝೌ, ಯುನ್ನಾನ್, ಗುವಾಂಗ್ಸಿ ಪ್ರದೇಶಗಳ ಬೆಟ್ಟದೂರುಗಳಲ್ಲಿ ಮಿಯಾವ್, ದೋಂಗ್, ಬುಯಿ, ಬಾಯ್ ಮುಂತಾದ ಸಮುದಾಯಗಳು ಇಂದಿಗೂ ಗಿಡದ ನೀಲಿಯಿಂದ ಬಟ್ಟೆಗೆ ಬಣ್ಣ ಕಟ್ಟುತ್ತವೆ. ಮಿಯಾವ್, ದೋಂಗ್ ಊರುಗಳಲ್ಲಿ ಇದು ಬಹುಮಟ್ಟಿಗೆ ಹೆಂಗಸರ ಕೆಲಸ, ತಾಯಿಯಿಂದ ಮಗಳಿಗೆ ಬಂದ ವಿದ್ಯೆ.

ಗಿಡ ಯಾವುದು?

ಭಾರತದ ಹೆಸರಾಂತ ನೀಲಿ ಗಿಡ ಅವರೆಯ ಕುಟುಂಬದ್ದು. ಈ ಬೆಟ್ಟದೂರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಟ್ರೊಬಿಲಾಂಥಸ್ ಕುಸಿಯಾ ಬೇರೆಯೇ. ನಮ್ಮ ಪಶ್ಚಿಮ ಘಟ್ಟದಲ್ಲಿ 12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯೂ ಇದೇ ಕುಲದ್ದು. ತಂಪು, ತೇವ, ಅರೆನೆರಳು ಕುಸಿಯಾ ಗಿಡಕ್ಕೆ ಒಗ್ಗುತ್ತವೆ. ಇದರ ಬೇರು ಚೀನೀ ಔಷಧಕ್ಕೂ ಸಲ್ಲುತ್ತದೆ.

ಎಲೆಯಿಂದ ತೊಟ್ಟಿಗೆ

ಕೊಯ್ದ ಸೊಪ್ಪನ್ನು ಕೆಲವು ದಿನ ನೀರಿನಲ್ಲಿ ಕೊಳೆಹಾಕಿ, ಕಸ ತೆಗೆದು, ಸುಣ್ಣ ಬೆರೆಸಿ ಜೋರಾಗಿ ಕಡೆಯುತ್ತಾರೆ. ಗಾಳಿ ತಾಗಿ ನೀಲಿ ಹುಟ್ಟುತ್ತದೆ. ತಳದಲ್ಲಿ ನಿಂತ ಗಸಿಯೇ ಬಣ್ಣದ ಮುದ್ದೆ.

ಈ ಮುದ್ದೆ ನೀರಿನಲ್ಲಿ ಕರಗದು, ನೂಲಿಗೆ ಅಂಟದು. ಅದನ್ನು ಕರಗಿಸುವುದರಲ್ಲೇ ಇಡೀ ಕಸುಬಿನ ಜಾಣ್ಮೆ ಇದೆ. ಬೂದಿಯ ತಿಳಿನೀರಿಗೆ ಮುದ್ದೆ, ಜೊತೆಗೆ ಅಕ್ಕಿಯ ಮದ್ಯ ಸೇರಿಸಿ ಹುಳಿಯಲು ಬಿಡುತ್ತಾರೆ. ಸೂಕ್ಷ್ಮಜೀವಿಗಳು ನೀಲಿಯನ್ನು ಕರಗುವ ಹಳದಿ-ಹಸಿರು ರೂಪಕ್ಕೆ ತರುತ್ತವೆ. ದೋಸೆಹಿಟ್ಟಿನ ಹದ ನೋಡುವ ಹಾಗೆ ನೊರೆ, ವಾಸನೆ, ಬಣ್ಣ ನೋಡಿಯೇ ತೊಟ್ಟಿ ಪಕ್ವವಾಯಿತೇ ಎಂದು ತಿಳಿಯಬೇಕು. ಚಳಿ ಹೆಚ್ಚಾದರೆ ತೊಟ್ಟಿ ಮಂಕಾಗುತ್ತದೆ. ಅದ್ದಿ ಎತ್ತಿದ ಬಟ್ಟೆ ಮೊದಲು ಹಸಿರು. ಗಾಳಿಗೆ ಹಿಡಿದಂತೆ, ನೋಡನೋಡುತ್ತಲೇ ನೀಲಿಗೆ ತಿರುಗುತ್ತದೆ. ಕಡುನೀಲಿ ಬೇಕಿದ್ದರೆ ಮತ್ತೆ ಮತ್ತೆ ಅದ್ದಬೇಕು.

ಮೇಣ, ದಾರ, ಕೊಡತಿ

ಗುಯಿಝೌನ ದಾನ್‌ಝಾಯ್‌ನ ಮಿಯಾವ್ ಹೆಂಗಸರು ತಾಮ್ರದ ಪುಟ್ಟ ಅಲಗಿನಿಂದ ಬಿಸಿ ಜೇನುಮೇಣದ ಚಿತ್ತಾರ ಬರೆಯುತ್ತಾರೆ. ಮೇಣ ಮುಚ್ಚಿದ ಕಡೆ ಬಣ್ಣ ಹಿಡಿಯುವುದಿಲ್ಲ. ಮಿಯಾವ್ ಪುರಾಣದಲ್ಲಿ ಚಿಟ್ಟೆ ಮೂಲತಾಯಿ; ಹಾಗಾಗಿ ಚಿತ್ತಾರಗಳಲ್ಲೂ ಚಿಟ್ಟೆ ಸುಳಿಯುತ್ತದೆ. ಯುನ್ನಾನ್‌ನ ದಾಲಿ ಬಳಿಯ ಝೌಚೆಂಗ್‌ನಲ್ಲಿ ಬಾಯ್ ಜನ ಬಟ್ಟೆಯನ್ನು ಹೊಲಿದು, ಬಿಗಿದು, ಗಂಟುಕಟ್ಟಿ ಅದ್ದುತ್ತಾರೆ.

ನನ್ನ ಲೆಕ್ಕದಲ್ಲಿ ಅತಿ ಸೋಜಿಗದ್ದು ದೋಂಗ್ ಜನರ ಹೊಳೆಯುವ ಬಟ್ಟೆ. ಕಡುನೀಲಿ ಬಟ್ಟೆಗೆ ಮೊಟ್ಟೆಯ ಬಿಳಿ, ದನದ ಚರ್ಮದ ಅಂಟು ಬಳಿದು ಮರದ ಕೊಡತಿಯಿಂದ ಬಡಿದರೆ ಅದಕ್ಕೆ ಕೆಂಛಾಯೆಯ ಲೋಹದ ಹೊಳಪು ಬರುತ್ತದೆ.

ಇಂದಿನ ಸ್ಥಿತಿ

ಜರ್ಮನಿಯ ಬಿಎಎಸ್‌ಎಫ್ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಜಗತ್ತಿನೆಲ್ಲೆಡೆ ಗಿಡದ ನೀಲಿ ಸೊರಗಿತು. ಮಿಯಾವ್ ಮೇಣದ ಕಲೆ, ಬಾಯ್ ಗಂಟಿನ ಕಲೆ ಎರಡೂ 2006ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿ ಸೇರಿದವು. ಪ್ರವಾಸಿಗರ ಅಂಗಡಿಗಳಲ್ಲಿ ಕೃತಕ ಬಣ್ಣದ ಸರಕೂ ಇರುತ್ತದೆ. ಗಿಡದ ನೀಲಿ, ಕೃತಕ ನೀಲಿ ಎರಡರಲ್ಲೂ ಮುಖ್ಯ ಬಣ್ಣದ್ರವ್ಯ ಒಂದೇ ಆದ್ದರಿಂದ ಕಣ್ಣಳತೆಯಲ್ಲಿ ವ್ಯತ್ಯಾಸ ತಿಳಿಯದು. ಕೊಳ್ಳುವವರು ತೊಟ್ಟಿ ತೋರಿಸಿ ಎಂದು ಕೇಳುವುದೇ ಮೇಲು.