ಕಾಯಕದ ನೀತಿ ಮತ್ತು ಕಾರ್ಖಾನೆ: ದಾಸರಹಳ್ಳಿ–ಪೀಣ್ಯ ಪರಿಸರದ ಒಂದು ಅವಲೋಕನ

ದುಡಿಮೆಯ ನೆಲೆಯಲ್ಲಿ ಯಾರ ಮಾತಿಗೆ ಬೆಲೆಯಿದೆ ಎಂಬ ಪ್ರಶ್ನೆ ಕನ್ನಡ ಪರಂಪರೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕಗಳ ನಡುವಿನ ಮೇಲುಕೀಳನ್ನು ನಿರಾಕರಿಸಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಪ್ರಸಂಗದಲ್ಲಿ ನೀತಿಯ ನಿರ್ಣಯವು ದುಡಿಯುವ ಹೆಣ್ಣಿನದೇ ಆಗಿದೆ. ಈ ಮಾನದಂಡದಿಂದ ಉತ್ತರ ಬೆಂಗಳೂರಿನ ಕಾರ್ಖಾನೆಗಳ ಲೋಕವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಹಾಗೂ 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಜಾಲಹಳ್ಳಿ ಪರಿಸರಕ್ಕೆ ಸಂಘಟಿತ ಉದ್ಯೋಗವನ್ನು ತಂದವು. 1970ರ ದಶಕದ ತರುವಾಯ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳೂ ಗಾರ್ಮೆಂಟ್ಸ್ ಕಾರ್ಖಾನೆಗಳೂ ಬೆಳೆದಂತೆ, ತುಮಕೂರು ರಸ್ತೆಯ ಟಿ. ದಾಸರಹಳ್ಳಿ ದುಡಿಯಲು ಬಂದವರ ಬಾಡಿಗೆಮನೆಗಳ ಊರಾಯಿತು.

ಈ ಲೋಕದ ಪ್ರಮುಖ ಜನಪದ ಆಚರಣೆ ಆಯುಧಪೂಜೆ. ಯಂತ್ರಗಳನ್ನು ತೊಳೆದು, ಅರಿಶಿನ ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚುತ್ತಾರೆ. ಅಂದು ಮಾಲೀಕನೂ ಕಸ ಗುಡಿಸುವವಳೂ ಒಂದೇ ಪ್ರಸಾದಕ್ಕೆ ಕೈಯೊಡ್ಡುತ್ತಾರೆ. ಆದರೆ ಈ ಸಮಾನತೆ ಒಂದು ದಿನದ್ದು. ಕೂಲಿ, ರಜೆ, ಶೌಚಕ್ಕೆ ಬಿಡುವು ಇವುಗಳ ನಿರ್ಧಾರದಲ್ಲಿ ಅದು ಮುಂದುವರಿಯುತ್ತದೆಯೇ ಎಂಬುದು ಮುಖ್ಯ.

ಈ ಪ್ರಶ್ನೆಗೆ 2016ರ ಏಪ್ರಿಲ್‌ನಲ್ಲಿ ಬೀದಿಯೇ ಉತ್ತರಿಸಿತು. ಭವಿಷ್ಯನಿಧಿಯಲ್ಲಿನ ಮಾಲೀಕರ ವಂತಿಗೆಯನ್ನು 58 ವರ್ಷ ತುಂಬುವವರೆಗೆ ಹಿಂಪಡೆಯಲಾಗದೆಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಮಕ್ಕಳ ಶಾಲೆ, ಸಾಲ, ಮದುವೆಗಳಿಗೆ ಆ ಹಣವನ್ನೇ ನಂಬಿದ್ದ ಗಾರ್ಮೆಂಟ್ಸ್ ಕಾರ್ಮಿಕರು ಏಪ್ರಿಲ್ 18ರಂದು ಹೊಸೂರು ರಸ್ತೆಗಿಳಿದರು. ಮರುದಿನ ಪ್ರತಿಭಟನೆ ಪೀಣ್ಯ, ಜಾಲಹಳ್ಳಿ ಕ್ರಾಸ್‌ಗಳಿಗೂ ಹಬ್ಬಿತು. ಅವರಲ್ಲಿ ಬಹುಪಾಲು ಮಹಿಳೆಯರು. ಯಾವುದೇ ಒಂದು ಸಂಘಟನೆ ಅವರನ್ನು ಮುನ್ನಡೆಸಲಿಲ್ಲ. ಕೆಲವೆಡೆ ಬಸ್ಸುಗಳಿಗೆ ಬೆಂಕಿ ಬಿದ್ದಿತು, ಲಾಠಿ ಪ್ರಹಾರವೂ ನಡೆಯಿತು. ಏಪ್ರಿಲ್ 19ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ಈ ಘಟನೆಯನ್ನು ಕೇವಲ ಹಣದ ಬೇಡಿಕೆಯೆಂದು ಗ್ರಹಿಸುವುದು ಅಪೂರ್ಣವಾದೀತು. ತಮ್ಮ ದುಡಿಮೆಯ ಫಲದ ಬಗೆಗಿನ ನಿರ್ಧಾರದಲ್ಲಿ ತಮ್ಮನ್ನು ಕೇಳಲೇ ಇಲ್ಲವೆಂಬುದು ಅದರ ಒಳದನಿ. ಲೈಂಗಿಕ ಕಿರುಕುಳ ತಡೆಗಾಗಿ 2013ರಲ್ಲಿ ಬಂದ ಕಾಯ್ದೆಯು ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವೆಡೆ ಆಂತರಿಕ ಸಮಿತಿಯನ್ನೂ, ಅದರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರನ್ನೂ ಕಡ್ಡಾಯಗೊಳಿಸಿತು. ದನಿಗೆ ಸ್ಥಾನ ನೀಡುವ ಈ ತತ್ತ್ವ ದೂರುಗಳಿಗಷ್ಟೇ ಸೀಮಿತವಾಗದೆ ಕೂಲಿ, ಉಳಿತಾಯಗಳಿಗೂ ವಿಸ್ತರಿಸಬೇಕಿದೆ. ಪ್ರಸಾದದಲ್ಲಿ ಪಾಲು ನೀಡುವುದು ಸುಲಭ, ನಿರ್ಧಾರದಲ್ಲಿ ಪಾಲು ನೀಡುವುದು ಕಠಿಣ. ಲಕ್ಕಮ್ಮನ ಪ್ರಸಂಗ ಕೇಳುವುದು ಎರಡನೆಯದನ್ನೇ.